ಹಳೇ ಫ್ಲಾಟ್ ಟಿವಿ ಯಾಕೆ ಕುಯ್ಯೋ ಅನ್ನುತ್ತೆ? ಪವರ್ ಬೋರ್ಡ್ ಬಿಚ್ಚುವ ಮೊದಲು, ಬಿಚ್ಚಿದ ಮೇಲೆ

2008ರಿಂದ 2012ರ ನಡುವೆ ಕೊಂಡ 32 ಇಂಚಿನ ಎಲ್‌ಸಿಡಿ ಟಿವಿಗಳು ಇನ್ನೂ ಎಷ್ಟೋ ಮನೆಗಳಲ್ಲಿ, ಹಾಸ್ಟೆಲ್‌ಗಳಲ್ಲಿ, ದರ್ಶಿನಿಗಳ ಗೋಡೆ ಮೇಲೆ ಓಡ್ತಾ ಇವೆ. ಇವುಗಳಲ್ಲಿ ಬಹಳಷ್ಟಕ್ಕೆ ಒಂದೇ ಥರದ ಕಾಯಿಲೆ. ಚಿತ್ರ ಚೆನ್ನಾಗಿರುತ್ತೆ, ಮಾತೂ ಸರಿಯಾಗಿ ಕೇಳುತ್ತೆ, ಆದರೆ ಹಿಂಭಾಗದಿಂದ ಒಂದು ಸಣ್ಣ ಕೀರಲು ದನಿ ಬರ್ತಾ ಇರುತ್ತೆ. ಕೆಲವದರಲ್ಲಿ ಬೆಳಿಗ್ಗೆ ಆನ್ ಮಾಡಿದಾಗ ಮಾತ್ರ, ಹತ್ತು ನಿಮಿಷ ಬಿಸಿಯಾದ ಮೇಲೆ ಮಾಯ. ಕೆಲವದರಲ್ಲಿ ದನಿ ದಿನೇ ದಿನೇ ಜೋರಾಗಿ, ಕೊನೆಗೊಂದು ದಿನ ಟಿವಿ ಟಿಕ್ ಟಿಕ್ ಅಂತಷ್ಟೇ ಅಂದು ಆನ್ ಆಗೋದೇ ಇಲ್ಲ. ರಿಪೇರಿಯವರನ್ನು ಕೇಳಿದರೆ "ಬೋರ್ಡ್ ಚೇಂಜ್ ಮಾಡ್ಬೇಕು ಸರ್" ಅಂತಾರೆ. ಅಷ್ಟು ಹಳೇ ಮಾಡೆಲ್ಲಿಗೆ ಹೊಸ ಬೋರ್ಡ್ ಸಿಗಲ್ಲ, ಸಿಕ್ಕರೂ ಅದರ ಬೆಲೆಗೆ ಇನ್ನೊಂದು ಸೆಕೆಂಡ್ ಹ್ಯಾಂಡ್ ಟಿವಿ ಬರುತ್ತೆ. ಹಾಗಾಗಿ ಟಿವಿ ಗುಜರಿಗೆ. ಆಗ ಒಳಗೆ ಕೆಟ್ಟಿರೋದು ಎಷ್ಟೋ ಸಲ ಹತ್ತಿಪ್ಪತ್ತು ರೂಪಾಯಿಯ ಎರಡು ಮೂರು ಕೆಪಾಸಿಟರ್ ಅಷ್ಟೇ.

ಪವರ್ ಎಲೆಕ್ಟ್ರಾನಿಕ್ಸ್ ಪೇಪರ್‌ನಲ್ಲಿ ಬಕ್, ಬೂಸ್ಟ್, ಫ್ಲೈಬ್ಯಾಕ್ ಅಂತ ಬರೆದು ಪಾಸಾಗಿರೋ ನಮಗೆ ಇದು ಕೈಗೆಟುಕುವ ಕೆಲಸ. ಆದರೆ ಇದೇ ಬೋರ್ಡಿನಲ್ಲಿ ಪ್ರಾಣ ತೆಗೆಯುವಷ್ಟು ವೋಲ್ಟೇಜೂ ಇದೆ. ಎರಡನ್ನೂ ಬಿಡಿಸಿ ಬರೀತೀನಿ. ನಡುವೆ ಉದಾಹರಣೆಗೆ ನಮ್ಮ ಹಾಸ್ಟೆಲ್ ಕಾಮನ್ ರೂಮಿನ ಟಿವಿಯ ಬೋರ್ಡ್ ತಗೊಳ್ತೀನಿ.

ಮೊದಲು ಕಿವಿ, ಆಮೇಲೆ ಸ್ಕ್ರೂಡ್ರೈವರ್

ದನಿ ಎಲ್ಲಿಂದ ಬರ್ತಿದೆ ಅಂತ ತಿಳಿಯದೆ ಹಿಂದಿನ ಮುಚ್ಚಳ ಬಿಚ್ಚಬೇಡಿ. ಮ್ಯೂಟ್ ಒತ್ತಿ. ದನಿ ನಿಂತರೆ ಅದು ಸ್ಪೀಕರ್‌ನಲ್ಲಿ ಬರ್ತಿರೋದು, ಅಂದ್ರೆ ಆಡಿಯೋ ದಾರಿಯ ಸಮಸ್ಯೆ. ಸೆಟ್‌ಟಾಪ್ ಬಾಕ್ಸಿನ ಕೇಬಲ್ ಕಿತ್ತು ನೋಡಿ. ಬಹಳ ಸಲ ಕೇಬಲ್ಲಿನ ಹೊರಕವಚದ ಮೂಲಕ ಆಗುವ ಗ್ರೌಂಡ್ ಲೂಪ್‌ನಿಂದಲೇ ಗುಂಯ್ ಅನ್ನೋ ಶಬ್ದ ಬರ್ತಿರುತ್ತೆ. ಪವರ್ ಬೋರ್ಡಿನ ತಂಟೆಗೇ ಹೋಗಬೇಕಿಲ್ಲ.

ಮ್ಯೂಟ್ ಮಾಡಿದರೂ ದನಿ ಇದ್ದರೆ ಎರಡನೇ ಪ್ರಶ್ನೆ: ಕರೆಂಟ್ ಇದ್ದಾಗಲೂ ಬರುತ್ತಾ, ಯುಪಿಎಸ್ ಮೇಲೆ ಓಡುವಾಗ ಮಾತ್ರ ಬರುತ್ತಾ? ನಮ್ಮ ಊರುಗಳಲ್ಲಿ ಇದನ್ನು ಕೇಳಲೇಬೇಕು. ಮನೆಯ ಅಗ್ಗದ ಇನ್ವರ್ಟರ್‌ಗಳು ಸೈನ್ ವೇವ್ ಕೊಡಲ್ಲ, ಚೌಕಾಕಾರದ ಅಲೆ ಕೊಡ್ತವೆ. ಅದರ ಕಡಿದಾದ ಅಂಚು ಬಂದಾಗಲೆಲ್ಲ ಟಿವಿಯ ಇನ್‌ಪುಟ್ ಫಿಲ್ಟರಿನ ಕೆಪಾಸಿಟರ್‌ಗೆ ಕರೆಂಟ್ ಚುಚ್ಚಿದ ಹಾಗೆ ನುಗ್ಗುತ್ತೆ, ಫಿಲ್ಟರಿನ ಕಾಯಿಲ್ ನಡುಗುತ್ತೆ. ಫ್ಯಾನ್ ಕೂಡ ಅದೇ ಹೊತ್ತಿಗೆ ಗೊರಗೊರ ಅನ್ನುತ್ತೆ, ಗಮನಿಸಿ. ಆಗ ಕೆಟ್ಟಿರೋದು ಟಿವಿ ಅಲ್ಲ, ಬರ್ತಿರೋ ಕರೆಂಟಿನ ಆಕಾರ.

ಮೂರನೆಯದು, ಮೆನುವಿಗೆ ಹೋಗಿ ಬ್ಯಾಕ್‌ಲೈಟ್ ಹೆಚ್ಚು ಕಡಿಮೆ ಮಾಡಿ. ಬ್ರೈಟ್‌ನೆಸ್ ಅಲ್ಲ, ಬ್ಯಾಕ್‌ಲೈಟ್. ಈ ಕಾಲದ ಟಿವಿಗಳಲ್ಲಿ ಪರದೆಯ ಹಿಂದೆ ಎಲ್‌ಇಡಿ ಬದಲು ಸಿಸಿಎಫ್‌ಎಲ್ ಅನ್ನುವ ಸಣ್ಣ ಟ್ಯೂಬ್‌ಲೈಟ್‌ಗಳು ಇರ್ತವೆ. ಅವುಗಳ ಬೆಳಕನ್ನು ತಗ್ಗಿಸೋದು ಸೆಕೆಂಡಿಗೆ ಕೆಲವು ನೂರು ಸಲ ಆನ್-ಆಫ್ ಮಾಡಿ. ಆ ಲಯಕ್ಕೆ ಇನ್ವರ್ಟರ್ ಟ್ರಾನ್ಸ್‌ಫಾರ್ಮರ್ ಗುಂಯ್‌ಗುಡುತ್ತೆ. ಬ್ಯಾಕ್‌ಲೈಟ್ ಪೂರ್ತಿ ಏರಿಸಿದಾಗ ದನಿ ನಿಂತು, ಅರ್ಧಕ್ಕೆ ಇಳಿಸಿದಾಗ ಜೋರಾದರೆ ತಪ್ಪಿತಸ್ಥ ಸಿಕ್ಕಿಬಿದ್ದ ಹಾಗೆ. ಅಂಥ ಟಿವಿಗೆ ಬ್ಯಾಕ್‌ಲೈಟ್ ಪೂರ್ತಿ ಇಟ್ಟು ಕಾಂಟ್ರಾಸ್ಟ್ ಇಳಿಸಿಕೊಂಡು ನೋಡೋದೇ ಸರಳ ಉಪಾಯ. ನನ್ನ ಅಭಿಪ್ರಾಯದಲ್ಲಿ ಅದಕ್ಕಾಗಿ ಬೋರ್ಡ್ ಬಿಚ್ಚೋದು ವ್ಯರ್ಥ.

ಇನ್ನು ಚರಚರ, ಚಟಚಟ ಅಂತ ಎಣ್ಣೆಯಲ್ಲಿ ಸಾಸಿವೆ ಸಿಡಿದ ಹಾಗೆ ಶಬ್ದ, ಜೊತೆಗೊಂದು ಘಾಟು ವಾಸನೆ ಇದ್ದರೆ ತಕ್ಷಣ ಪ್ಲಗ್ ಕಿತ್ತುಬಿಡಿ. ಅದು ಹೈವೋಲ್ಟೇಜ್ ಕಡೆ ಕಿಡಿ ಹಾರ್ತಿರೋದು. ಸಿಸಿಎಫ್‌ಎಲ್ ಹೊತ್ತಿಕೊಳ್ಳೋಕೆ ಸಾವಿರ ವೋಲ್ಟಿಗೂ ಮೇಲೆ ಬೇಕು. ಕರಾವಳಿಯ ಉಪ್ಪುಗಾಳಿ, ಮಲೆನಾಡಿನ ತೇವ, ಬೆಚ್ಚಗಿದೆ ಅಂತ ಒಳಗೆ ಬಂದು ಕೂತ ಹಲ್ಲಿ, ಇವೆಲ್ಲ ಆ ವೋಲ್ಟೇಜಿಗೆ ದಾರಿ ಮಾಡಿಕೊಡ್ತವೆ. ಬೋರ್ಡಿನ ಮೇಲೆ ಸುಟ್ಟ ಹಲ್ಲಿಯನ್ನು ನೋಡದ ಟಿವಿ ಮೆಕ್ಯಾನಿಕ್ ನಮ್ಮ ಕಡೆ ಸಿಗೋದು ಕಷ್ಟ.

ಇಷ್ಟೆಲ್ಲ ದಾಟಿದ ಮೇಲೂ ಉಳಿಯೋದು ನಿಜವಾದ ಪವರ್ ಸಪ್ಲೈ ದನಿ. ಹಾಸ್ಟೆಲ್ ಟಿವಿಯದ್ದು ಇದೇ ಜಾತಿ. ತಮಾಷೆ ಏನಂದ್ರೆ ವಾರ್ಡನ್ ಸರ್‌ಗೆ ಆ ದನಿ ಕೇಳಿಸ್ತಾನೇ ಇರಲಿಲ್ಲ. "ಎಲ್ಲಿ ಶಬ್ದ? ಸುಮ್ನೆ ಹೊಸ ಟಿವಿ ಬೇಕು ಅಂತ ಆಟ ಆಡ್ತೀರಾ" ಅಂದರು. ವಯಸ್ಸಾದ ಹಾಗೆ ಮೇಲಿನ ಆವರ್ತನ ಕೇಳುವ ಶಕ್ತಿ ಕುಗ್ಗುತ್ತೆ. ಇಪ್ಪತ್ತರ ಕಿವಿಗೆ ಚುಚ್ಚುವ 14 ಕಿಲೋಹರ್ಟ್ಸ್ ಐವತ್ತು ದಾಟಿದ ಹೆಚ್ಚಿನವರಿಗೆ ಇಲ್ಲವೇ ಇಲ್ಲ. ಹಳೇ ಡಬ್ಬಾ ಟಿವಿಗಳಲ್ಲೂ ಹೀಗೇ ಆಗ್ತಿತ್ತು. ನಮ್ಮ 625 ಗೆರೆ, ಸೆಕೆಂಡಿಗೆ 25 ಚಿತ್ರದ ಪದ್ಧತಿಯಲ್ಲಿ ಗೆರೆ ಎಳೆಯುವ ಆವರ್ತನ 15,625 ಹರ್ಟ್ಸ್, ಅದು ಹೆಚ್ಚಾಗಿ ಮಕ್ಕಳಿಗೆ, ಎಳೆಯ ವಯಸ್ಸಿನವರಿಗೆ ಕೇಳಿಸೋದು. ವಾದ ಬೇಡ ಅಂತ ಫೋನಿನಲ್ಲಿ ಸ್ಪೆಕ್ಟ್ರಮ್ ತೋರಿಸುವ ಆ್ಯಪ್ ಹಾಕಿ, ಮೈಕನ್ನು ಟಿವಿಯ ಹಿಂದೆ ಹಿಡಿದು ತೋರಿಸಿದೆವು. ಚೂಪಾದ ಶಿಖರ ಕಂಡ ಮೇಲೆ ಒಪ್ಪಿದರು. ಈ ಶಿಖರದ ಚಿತ್ರ ತೆಗೆದಿಟ್ಟುಕೊಳ್ಳಿ, ರಿಪೇರಿ ಆದ ಮೇಲೆ ಹೋಲಿಸೋಕೆ ಬೇಕಾಗುತ್ತೆ.

ಕೇಳಬಾರದ್ದು ಯಾಕೆ ಕೇಳುತ್ತೆ

ಇಲ್ಲೊಂದು ಒಳ್ಳೇ ಪ್ರಶ್ನೆ ಇದೆ. ಸ್ವಿಚಿಂಗ್ ಸಪ್ಲೈ ಕೆಲಸ ಮಾಡೋದು ಸುಮಾರು 65ರಿಂದ 100 ಕಿಲೋಹರ್ಟ್ಸ್‌ನಲ್ಲಿ. ಮನುಷ್ಯನ ಕಿವಿ 20 ಕಿಲೋಹರ್ಟ್ಸಿಗೇ ನಿಂತುಹೋಗುತ್ತೆ. ಹಾಗಿದ್ರೆ ದನಿ ಎಲ್ಲಿಂದ?

ನಡುಗುವ ವಸ್ತುಗಳೇನೋ ಬೇಕಾದಷ್ಟಿವೆ. ಫೆರೈಟ್ ಕೋರ್ ಕಾಂತಕ್ಷೇತ್ರದಲ್ಲಿ ಕೂದಲೆಳೆಗಿಂತಲೂ ಎಷ್ಟೋ ಕಡಿಮೆ ಅಳತೆಯಲ್ಲಿ ಹಿಗ್ಗಿ ಕುಗ್ಗುತ್ತೆ, ಇದಕ್ಕೆ ಮ್ಯಾಗ್ನೆಟೋಸ್ಟ್ರಿಕ್ಷನ್ ಅಂತಾರೆ. ವಾರ್ನಿಶ್ ಒಣಗಿದ ಕಾಯಿಲಿನ ಸುತ್ತುಗಳು ಕರೆಂಟಿನ ಬಲಕ್ಕೆ ಒಂದಕ್ಕೊಂದು ಬಡಿದುಕೊಳ್ತವೆ. ಸೆರಾಮಿಕ್ ಕೆಪಾಸಿಟರ್ ವೋಲ್ಟೇಜಿಗೆ ತಕ್ಕ ಹಾಗೆ ಬಾಗಿ, ಬೋರ್ಡನ್ನೇ ತಮಟೆ ಮಾಡಿಕೊಳ್ಳುತ್ತೆ. ಆದರೆ ಇವೆಲ್ಲ 65 ಕಿಲೋಹರ್ಟ್ಸ್‌ನಲ್ಲೇ ನಡುಗಿದರೆ ನಮಗೇನೂ ಕೇಳಲ್ಲ. ಕೇಳಬೇಕಾದರೆ ಆ ಸ್ವಿಚಿಂಗ್ ಇನ್ನೊಂದು ನಿಧಾನದ ಲಯದಲ್ಲಿ ಏರಿಳಿಯಬೇಕು.

ಅಂಥ ಲಯ ಮೂರು ರೀತಿಯಲ್ಲಿ ಹುಟ್ಟುತ್ತೆ. ಲೋಡ್ ತೀರಾ ಕಡಿಮೆ ಇದ್ದಾಗ ಕಂಟ್ರೋಲರ್ ಐಸಿ ಒಂದಷ್ಟು ಸಲ ಸ್ವಿಚ್ ಮಾಡಿ, ಸುಮ್ಮನಾಗಿ, ಮತ್ತೆ ಮಾಡುತ್ತೆ. ಇದಕ್ಕೆ ಬರ್ಸ್ಟ್ ಮೋಡ್ ಅಂತ ಹೆಸರು, ಸ್ಟ್ಯಾಂಡ್‌ಬೈನಲ್ಲಿ ಬರುವ ಸಣ್ಣ ಚಿರ್ ಚಿರ್ ಇದೇ. ಇದು ರೋಗವಲ್ಲ, ಸ್ವಭಾವ. ಎರಡನೆಯದು ಮೇನ್ಸ್‌ನ 50 ಹರ್ಟ್ಸ್ ರೆಕ್ಟಿಫೈ ಆದ ಮೇಲೆ ಉಳಿಯುವ 100 ಹರ್ಟ್ಸ್ ಏರಿಳಿತ, ದಪ್ಪ ದನಿ. ಮೂರನೆಯದು ಫೀಡ್‌ಬ್ಯಾಕ್ ಲೂಪ್ ತನ್ನ ಸಮತೋಲನ ಕಳಕೊಂಡು ತೂಗಾಡೋದು. ಕಂಟ್ರೋಲ್ ಸಿಸ್ಟಮ್ಸ್ ಕ್ಲಾಸಿನಲ್ಲಿ ಬೋಡೆ ಪ್ಲಾಟ್ ಬರೆಯುವಾಗ ಇದೆಲ್ಲ ಯಾಕಪ್ಪಾ ಅಂದುಕೊಂಡವರು ಇಲ್ಲಿ ಸ್ವಲ್ಪ ನಿಲ್ಲಿ.

ಟಿವಿಯ 12 ವೋಲ್ಟ್ ಲೈನಿನ ಔಟ್‌ಪುಟ್‌ನಲ್ಲಿ 1000 ಮೈಕ್ರೋಫ್ಯಾರಡ್ ಕೆಪಾಸಿಟರ್ ಇದೆ ಅಂದುಕೊಳ್ಳಿ. ಯಾವ ಎಲೆಕ್ಟ್ರೋಲೈಟಿಕ್ ಕೆಪಾಸಿಟರೂ ಶುದ್ಧ ಕೆಪಾಸಿಟರ್ ಅಲ್ಲ, ಅದರೊಳಗೆ ಸರಣಿಯಲ್ಲಿ ಒಂದು ಸಣ್ಣ ರೆಸಿಸ್ಟೆನ್ಸ್ ಅಡಗಿರುತ್ತೆ. ಅದೇ ಇಎಸ್‌ಆರ್. ಹೊಸತರಲ್ಲಿ ಅದು 0.03 ಓಮ್. ಈ ಎರಡೂ ಸೇರಿ ಲೂಪಿನಲ್ಲಿ ಒಂದು ಝೀರೋ ಕೊಡ್ತವೆ. ಸೂತ್ರಕ್ಕೆ ಹಾಕಿದರೆ ಸುಮಾರು 5.3 ಕಿಲೋಹರ್ಟ್ಸ್. ಡಿಸೈನ್ ಮಾಡಿದವರು ಟಿಎಲ್431 ಮತ್ತು ಆಪ್ಟೋಕಪ್ಲರ್ ಸುತ್ತಲಿನ ರೆಸಿಸ್ಟರ್ ಕೆಪಾಸಿಟರ್‌ಗಳನ್ನು ಇದಕ್ಕೆ ಹೊಂದಿಸಿಯೇ ಇಟ್ಟಿರ್ತಾರೆ. ಹತ್ತು ವರ್ಷ ಆದ ಮೇಲೆ ಎಲೆಕ್ಟ್ರೋಲೈಟ್ ಒಣಗಿ ಕೆಪಾಸಿಟೆನ್ಸ್ 600ಕ್ಕೆ ಇಳಿದು, ಇಎಸ್‌ಆರ್ 0.8 ಓಮ್‌ಗೆ ಏರಿತು ಅನ್ನಿ. ಝೀರೋ ಈಗ 330 ಹರ್ಟ್ಸಿಗೆ ಬಂದು ಕೂತಿದೆ. ಲೂಪಿನ ಲೆಕ್ಕಾಚಾರವೇ ತಲೆಕೆಳಗು. ಅದರ ಮೇಲೆ, ಎರಡು ಆಂಪಿಯರ್ ಏರಿಳಿತಕ್ಕೆ 0.8 ಓಮ್‌ನಲ್ಲಿ 1.6 ವೋಲ್ಟ್ ರಿಪಲ್ ಬೀಳುತ್ತೆ, ಅದನ್ನು ಕಂಡ ಕಂಟ್ರೋಲರ್ ಗಾಬರಿಯಾಗಿ ಒಂದು ಸಲ ಹೆಚ್ಚು, ಇನ್ನೊಂದು ಸಲ ಕಡಿಮೆ ಕೊಡುತ್ತೆ. ಟ್ರಾನ್ಸ್‌ಫಾರ್ಮರ್ ಆ ಲಯಕ್ಕೆ ಹಾಡುತ್ತೆ. ಅಂದ್ರೆ ದನಿ ಬರೋದು ಟ್ರಾನ್ಸ್‌ಫಾರ್ಮರಿನಿಂದ, ಕಾಯಿಲೆ ಇರೋದು ಕೆಪಾಸಿಟರಿನಲ್ಲಿ. ದನಿ ಬಂದ ಕಡೆ ಅಂಟು ಸುರಿಯುವವರು ಇದನ್ನೇ ಮರೀತಾರೆ.

ಬೆಳಿಗ್ಗೆ ಮಾತ್ರ ದನಿ ಬರುವ ಗುಟ್ಟೂ ಇಲ್ಲೇ ಇದೆ. ಎಲೆಕ್ಟ್ರೋಲೈಟ್ ದ್ರವ ತಣ್ಣಗಿದ್ದಾಗ ಇಎಸ್‌ಆರ್ ಜಾಸ್ತಿ, ಬಿಸಿಯಾದ ಹಾಗೆ ಇಳಿಯುತ್ತೆ. ಹತ್ತು ನಿಮಿಷದಲ್ಲಿ ಸರಿಹೋಗುವ ಟಿವಿ ಸರಿಹೋಗಿಲ್ಲ, ಜ್ವರ ಇಳಿದ ಹಾಗೆ ಕಾಣ್ತಿದೆ ಅಷ್ಟೇ.

ಈ ಕೆಪಾಸಿಟರ್‌ಗಳು ಎಷ್ಟು ವರ್ಷ ಬಾಳ್ತವೆ ಅನ್ನೋದಕ್ಕೆ ಒಂದು ಒರಟು ಲೆಕ್ಕ ಇದೆ: ಪ್ರತಿ 10 ಡಿಗ್ರಿ ತಂಪಿಗೆ ಆಯಸ್ಸು ಎರಡು ಪಟ್ಟು. 105 ಡಿಗ್ರಿಯಲ್ಲಿ 2000 ಗಂಟೆ ಅಂತ ಬರೆದಿರುವ ಕೆಪಾಸಿಟರ್ 65 ಡಿಗ್ರಿಯಲ್ಲಿ 32,000 ಗಂಟೆ ಬಾಳುತ್ತೆ. ದಿನಕ್ಕೆ 6 ಗಂಟೆ ಟಿವಿ ನೋಡಿದರೆ ಹದಿನಾಲ್ಕು ವರ್ಷದ ಮೇಲಾಯಿತು. ಅದೇ ಕೆಪಾಸಿಟರನ್ನು ಹೀಟ್‌ಸಿಂಕಿಗೆ ಒತ್ತಿ ಕೂರಿಸಿ 85 ಡಿಗ್ರಿ ಮಾಡಿದರೆ 8000 ಗಂಟೆ, ನಾಲ್ಕು ವರ್ಷಕ್ಕೂ ಕಡಿಮೆ. ಬೋರ್ಡ್ ಬಿಚ್ಚಿದ ತಕ್ಷಣ ಹೀಟ್‌ಸಿಂಕಿನ ಪಕ್ಕ ಯಾರು ಕೂತಿದ್ದಾರೆ ನೋಡಿ ಅನ್ನೋದು ಇದಕ್ಕೇ.

ಬಿಚ್ಚುವಾಗ ಬದುಕಿರೋದು

ಇಲ್ಲಿ ಅವಸರ ಬೇಡ. ಬೋರ್ಡಿನ ಮೇಲೆ ಎಲ್ಲಕ್ಕಿಂತ ದಪ್ಪಗಿರುವ ಕೆಪಾಸಿಟರ್ ಸಾಮಾನ್ಯವಾಗಿ 450 ವೋಲ್ಟಿನದ್ದು, ನಮ್ಮ ಬೋರ್ಡಿನಲ್ಲಿ 150 ಮೈಕ್ರೋಫ್ಯಾರಡ್. ಟಿವಿ ಸ್ಟ್ಯಾಂಡ್‌ಬೈನಲ್ಲಿದ್ದಾಗ ಅದರ ಮೇಲೆ 325 ವೋಲ್ಟ್ ಆಸುಪಾಸು, ಪೂರ್ತಿ ಆನ್ ಆದಾಗ ಪಿಎಫ್‌ಸಿ ಸರ್ಕ್ಯೂಟ್ ಅದನ್ನು 380-400ಕ್ಕೆ ಏರಿಸುತ್ತೆ. 390 ವೋಲ್ಟಿಗೆ ಲೆಕ್ಕ ಹಾಕಿದರೆ ಅದರೊಳಗೆ 11.4 ಜೂಲ್ ಶಕ್ತಿ. ಪ್ಲಗ್ ಕಿತ್ತ ಮೇಲೂ ಅದು ಅಲ್ಲೇ ಕಾಯ್ತಾ ಕೂತಿರಬಹುದು. ಎಂಸಿಬಿ, ಆರ್‌ಸಿಸಿಬಿ ಯಾವುದೂ ಆ ಚಾರ್ಜಿನಿಂದ ನಿಮ್ಮನ್ನು ಉಳಿಸಲ್ಲ, ಯಾಕಂದ್ರೆ ಅದು ಗೋಡೆಯಿಂದ ಬರ್ತಿಲ್ಲ.

ಸ್ಕ್ರೂಡ್ರೈವರ್ ಅಡ್ಡ ಇಟ್ಟು ಪಟಾರ್ ಅನ್ನಿಸೋದು ನಮ್ಮಲ್ಲಿ ಗಂಡಸ್ತನ ಅನ್ನೋ ಥರ ನಡೀತಿದೆ. ಮಾಡ್ಬೇಡಿ. ತಾಮ್ರದ ಚೂರು ಕಣ್ಣಿಗೆ ಹಾರುತ್ತೆ, ಬೋರ್ಡಿನ ಗೆರೆ ಹಾರಿಹೋಗುತ್ತೆ. 10 ಕಿಲೋಓಮ್, 10 ವ್ಯಾಟಿನ ವೈರ್‌ವೂಂಡ್ ರೆಸಿಸ್ಟರಿಗೆ ಚೆನ್ನಾಗಿ ಇನ್ಸುಲೇಟ್ ಆದ ಎರಡು ಪ್ರೋಬ್ ಬೆಸೆದು ಇಟ್ಟುಕೊಳ್ಳಿ. ಟೈಮ್ ಕಾನ್‌ಸ್ಟಂಟ್ 1.5 ಸೆಕೆಂಡ್, ಹತ್ತು ಸೆಕೆಂಡ್ ಹಿಡಿದರೆ ಸಾಕು. ಆಮೇಲೆ ಮೀಟರ್ ಇಟ್ಟು 5 ವೋಲ್ಟಿಗಿಂತ ಕೆಳಗೆ ಬಂದಿದೆ ಅಂತ ಕಣ್ಣಾರೆ ನೋಡಿದ ಮೇಲಷ್ಟೇ ಕೈ ಹಾಕಿ. ಒಬ್ಬರೇ ಕೂತು ಮಾಡೋ ಕೆಲಸ ಅಲ್ಲ ಇದು, ಪಕ್ಕದಲ್ಲಿ ಸ್ವಿಚ್ ಎಲ್ಲಿದೆ ಅಂತ ಗೊತ್ತಿರುವ ಗೆಳೆಯ ಇರಲಿ.

ಬೋರ್ಡಿನ ಮೇಲೆ ಒಂದು ದಪ್ಪ ಬಿಳಿ ಗೆರೆ ಅಥವಾ ಸೀಳು ಕಾಣುತ್ತೆ. ಅದರ ಒಂದು ಕಡೆ ಮೇನ್ಸ್‌ಗೆ ನೇರ ಸಂಬಂಧವಿರುವ ಹಾಟ್ ಸೈಡ್, ಇನ್ನೊಂದು ಕಡೆ ಕೋಲ್ಡ್ ಸೈಡ್. ಲ್ಯಾಬಿನ ಆಸಿಲೋಸ್ಕೋಪ್ ಪ್ರೋಬಿನ ಗ್ರೌಂಡ್ ಕ್ಲಿಪ್ ಒಳಗೊಳಗೇ ಗೋಡೆಯ ಅರ್ಥಿಗೆ ಸೇರಿದೆ. ಅದನ್ನು ಹಾಟ್ ಸೈಡಿನ ಗ್ರೌಂಡಿಗೆ ಸಿಕ್ಕಿಸಿದರೆ ಮೇನ್ಸ್ ನೇರ ಶಾರ್ಟ್, ಸ್ಕೋಪೂ ಹೋಯ್ತು, ಬೋರ್ಡೂ ಹೋಯ್ತು. ಸ್ಕೋಪ್ ಕೋಲ್ಡ್ ಸೈಡಿಗೆ ಮಾತ್ರ, ಇದರಲ್ಲಿ ರಾಜಿ ಇಲ್ಲ.

ಪರದೆ ಕೆಳಮುಖವಾಗಿ ದಪ್ಪ ಕಂಬಳಿ ಮೇಲೆ ಮಲಗಿಸಿ. ಸ್ಕ್ರೂಗಳು ಬೇರೆ ಬೇರೆ ಉದ್ದ ಇರ್ತವೆ, ರಟ್ಟಿನ ಮೇಲೆ ಟಿವಿ ಚಿತ್ರ ಬರೆದು ಆಯಾ ಜಾಗಕ್ಕೆ ಚುಚ್ಚಿಡಿ. ಕನೆಕ್ಟರ್ ಕೀಳುವ ಮೊದಲು ಫೋಟೋ.

ಕಳ್ಳ ಯಾರು

ತಲೆ ಉಬ್ಬಿದ ಕೆಪಾಸಿಟರ್ ಕಂಡರೆ ಅದು ಸತ್ತ ಹಾಗೇ ಲೆಕ್ಕ. ಮೇಲೆ ಅಡ್ಡಗೆರೆ ಕೊರೆದಿರೋದೇ ಒಳಗಿನ ಅನಿಲ ಒತ್ತಿದಾಗ ಬಿರಿಯಲಿ ಅಂತ. ಆದರೆ ತಲೆ ಚಪ್ಪಟೆಯಾಗಿದೆ ಅಂದ ಮಾತ್ರಕ್ಕೆ ಒಳ್ಳೇದು ಅಂತಲ್ಲ. ಸಾಮಾನ್ಯ ಮಲ್ಟಿಮೀಟರಿನ ಕೆಪಾಸಿಟೆನ್ಸ್ ರೇಂಜ್ ಕೂಡ ಮೋಸ ಮಾಡುತ್ತೆ, ಅದು ಅಳೆಯೋದು ಕಡಿಮೆ ಆವರ್ತನದಲ್ಲಿ. ನಮಗೆ ಬೇಕಿರೋದು 100 ಕಿಲೋಹರ್ಟ್ಸ್‌ನಲ್ಲಿ ಇಎಸ್‌ಆರ್.

ಇಎಸ್‌ಆರ್ ಮೀಟರ್ ಇಲ್ಲದಿದ್ದರೆ ಲ್ಯಾಬಿನಲ್ಲೇ ಮಾಡಿಕೊಳ್ಳಬಹುದು. 50 ಓಮ್ ಔಟ್‌ಪುಟ್ಟಿನ ಫಂಕ್ಷನ್ ಜನರೇಟರನ್ನು 100 ಕಿಲೋಹರ್ಟ್ಸ್‌ಗೆ ಇಟ್ಟು, ಏನೂ ಜೋಡಿಸದಾಗ ಸ್ಕೋಪಿನಲ್ಲಿ 5 ವೋಲ್ಟ್ ಪೀಕ್ ಟು ಪೀಕ್ ಬರುವ ಹಾಗೆ ಹೊಂದಿಸಿ. ಬೋರ್ಡಿನಿಂದ ಕಿತ್ತು ಡಿಸ್ಚಾರ್ಜ್ ಮಾಡಿದ ಕೆಪಾಸಿಟರನ್ನು ಅಡ್ಡ ಇಟ್ಟು ಉಳಿದ ವೋಲ್ಟೇಜ್ ನೋಡಿ. 0.03 ಓಮ್ ಇದ್ದರೆ 3 ಮಿಲಿವೋಲ್ಟ್, 1 ಓಮ್ ಇದ್ದರೆ 98 ಮಿಲಿವೋಲ್ಟ್. ಒಳ್ಳೇದು ಕೆಟ್ಟದ್ದರ ನಡುವೆ ಮೂವತ್ತು ಪಟ್ಟು ಅಂತರ, ಅನುಮಾನಕ್ಕೆ ಜಾಗವೇ ಇಲ್ಲ. ವೈರ್ ಮಾತ್ರ ಗಿಡ್ಡ ಇರಲಿ, ಉದ್ದದ ವೈರಿನ ಇಂಡಕ್ಟೆನ್ಸೇ ಈ ಅಳತೆಯನ್ನು ಕೆಡಿಸುತ್ತೆ.

ನಮ್ಮ ಬೋರ್ಡಿನಲ್ಲಿ 12 ವೋಲ್ಟ್ ಲೈನಿನ ಎರಡು 1000 ಮೈಕ್ರೋಫ್ಯಾರಡ್ ಕೆಪಾಸಿಟರ್ ಕಣ್ಣಿಗೇ ಕಾಣುವ ಹಾಗೆ ಉಬ್ಬಿದ್ದವು. ಆದರೆ ಅಳತೆಯಲ್ಲಿ ಇನ್ನೊಬ್ಬ ಸಿಕ್ಕಿಬಿದ್ದ: ಹಾಟ್ ಸೈಡಿನಲ್ಲಿ ಕಂಟ್ರೋಲರ್ ಐಸಿ ಪಕ್ಕ, ಕಿರುಬೆರಳ ತುದಿಯಷ್ಟಿರುವ 47 ಮೈಕ್ರೋಫ್ಯಾರಡ್, 50 ವೋಲ್ಟ್. ಕಂಟ್ರೋಲರಿಗೆ ಊಟ ಹಾಕುವವನು ಇವನೇ. ಟ್ರಾನ್ಸ್‌ಫಾರ್ಮರಿನ ಒಂದು ಸಣ್ಣ ಸುತ್ತಿನಿಂದ ಬರುವ ವೋಲ್ಟೇಜನ್ನು ಹಿಡಿದಿಡೋದು ಇವನ ಕೆಲಸ. ಇವನು ಒಣಗಿದರೆ ಐಸಿಯ ಸಪ್ಲೈ ಕೆಳಗಿಳಿದು ಅದು ಆಫ್ ಆಗಿ, ಮತ್ತೆ ಎದ್ದು, ಮತ್ತೆ ಬೀಳುತ್ತೆ. ಟಿಕ್ ಟಿಕ್ ಅನ್ನೋದು ಅದೇ. ಇವನ ತಲೆ ಉಬ್ಬೋದು ಅಪರೂಪ, ಆದ್ದರಿಂದ ಉಬ್ಬಿದ್ದನ್ನಷ್ಟೇ ಬದಲಿಸುವ ರಿಪೇರಿಗಳು ಆರು ತಿಂಗಳಿಗೆ ವಾಪಸ್ ಬರ್ತವೆ. ಟಿಕ್ ಟಿಕ್‌ಗೆ ಇನ್ನೊಂದು ಕಾರಣ ಔಟ್‌ಪುಟ್ಟಿನ ಶಾಟ್ಕಿ ಡಯೋಡ್ ಶಾರ್ಟ್ ಆಗಿರೋದು. ಮೀಟರಿನ ಡಯೋಡ್ ರೇಂಜಿನಲ್ಲಿ ಎರಡೂ ದಿಕ್ಕಿಗೆ ಬೀಪ್ ಬಂದರೆ ಅದೂ ಬದಲಾಗಬೇಕು.

ಬೋರ್ಡಿನ ಮೇಲೆ ಭಾಗಗಳನ್ನು ಹಿಡಿದಿಡೋಕೆ ಹಾಕಿದ ಹಳದಿ ಅಂಟು ಕಂದು ಬಣ್ಣಕ್ಕೆ ತಿರುಗಿದ್ದರೆ ಕೆರೆದು ತೆಗೀರಿ. ಹಳತಾದ ಹಾಗೆ ಅದು ಕರೆಂಟ್ ಸೋರಿಸೋಕೆ ಶುರುಮಾಡುತ್ತೆ, ಲೀಡ್‌ಗಳನ್ನೂ ತಿನ್ನುತ್ತೆ.

ಬದಲಿ

ಬೆಂಗಳೂರಿನವರಿಗೆ ಎಸ್‌ಪಿ ರೋಡ್ ಇದೆ. ಅಂಗಡಿಯಲ್ಲಿ "ಸಾವಿರ ಎಂಎಫ್‌ಡಿ ಇಪ್ಪತ್ತೈದು ವೋಲ್ಟ್" ಅಂತಷ್ಟೇ ಕೇಳಿದರೆ ಕೈಗೆ ಬರೋದು ಸಾಮಾನ್ಯ 85 ಡಿಗ್ರಿಯದ್ದು. 105 ಡಿಗ್ರಿ, ಲೋ ಇಎಸ್‌ಆರ್ ಅಂತ ಬಿಡಿಸಿ ಹೇಳಿ. ಹಳೇದನ್ನೇ ಜೊತೆಗೆ ಒಯ್ಯಿರಿ, ದಪ್ಪ, ಎತ್ತರ, ಕಾಲುಗಳ ಅಂತರ ಹೊಂದಬೇಕು. ವೋಲ್ಟೇಜ್ ಒಂದು ಮೆಟ್ಟಿಲು ಹೆಚ್ಚಿದ್ದರೆ ಪರವಾಗಿಲ್ಲ, ಕಡಿಮೆ ಆಗಲೇಬಾರದು. ಹಾಗಂತ ಅತಿ ಒಳ್ಳೇದು ಹಾಕ್ತೀನಿ ಅಂತ ಪಾಲಿಮರ್ ಕೆಪಾಸಿಟರ್ ಹಾಕೋಕೂ ಹೋಗಬೇಡಿ. ಇಎಸ್‌ಆರ್ ತೀರಾ ಕಡಿಮೆಯಾದರೆ ಮೇಲೆ ಹೇಳಿದ ಝೀರೋ ಇನ್ನೊಂದು ದಿಕ್ಕಿಗೆ ಓಡಿ, ಲೂಪ್ ಮತ್ತೆ ತೂಗಾಡಬಹುದು.

2006ರ ನಂತರದ ಬೋರ್ಡುಗಳಲ್ಲಿ ಹೆಚ್ಚಾಗಿ ಸೀಸವಿಲ್ಲದ ಸೋಲ್ಡರ್. ಅದು ಕರಗೋದು 217 ಡಿಗ್ರಿ ಮೇಲೆ, ನಮ್ಮ 63/37 ಸೀಸದ ಸೋಲ್ಡರ್ 183ಕ್ಕೇ ಕರಗುತ್ತೆ. ಹಳೇ ಜಾಯಿಂಟಿಗೆ ಮೊದಲು ಸ್ವಲ್ಪ ಹೊಸ ಸೋಲ್ಡರ್ ಬೆರೆಸಿ, ಆಮೇಲೆ ಪಂಪಿನಿಂದ ಎಳೆದರೆ ಸಲೀಸು. ಒಂದೇ ಪದರದ ಕಂದು ಬೋರ್ಡುಗಳಲ್ಲಿ ಹೆಚ್ಚು ಹೊತ್ತು ಕಾಸಿದರೆ ತಾಮ್ರದ ಪ್ಯಾಡೇ ಎದ್ದು ಬರುತ್ತೆ, ಎಳೆದಾಡಬೇಡಿ. ಕೆಪಾಸಿಟರ್ ಮೈಮೇಲಿನ ಪಟ್ಟಿ ಮೈನಸ್ ಕಡೆ. ಬೋರ್ಡಿನ ಗುರುತು ಕಂಪನಿಯಿಂದ ಕಂಪನಿಗೆ ಬೇರೆ, ಆದ್ದರಿಂದ ಕೀಳುವ ಮೊದಲು ತೆಗೆದ ಫೋಟೋ ನಂಬಿ.

ಮೊದಲ ಸಲ ಕರೆಂಟ್ ಕೊಡುವಾಗ 100 ವ್ಯಾಟಿನ ಹಳೇ ಫಿಲಮೆಂಟ್ ಬಲ್ಬ್ ಸೀರೀಸ್‌ನಲ್ಲಿರಲಿ. ಎಲ್‌ಇಡಿ ಬಲ್ಬ್ ನಡೆಯಲ್ಲ. ಒಂದು ಕ್ಷಣ ಹೊಳೆದು ಮಂಕಾದರೆ ಸರಿ. ಹೊಳೀತಾನೇ ಇದ್ದರೆ ಎಲ್ಲೋ ಶಾರ್ಟ್ ಇದೆ, ಪ್ಲಗ್ ಕೀಳಿ. ಸ್ಟ್ಯಾಂಡ್‌ಬೈ ತನಕ ಮಾತ್ರ ಈ ಪರೀಕ್ಷೆ, ಪೂರ್ತಿ ಟಿವಿಯನ್ನು ಬಲ್ಬ್ ಮೂಲಕ ಓಡಿಸೋಕೆ ಆಗಲ್ಲ. ಫ್ಯೂಸ್ ಹೋಗಿದ್ದರೆ ಅದೇ ಆಂಪಿಯರಿನದ್ದೇ ಹಾಕಿ. ತಾಮ್ರದ ಎಳೆ ಸುತ್ತುವ ನಮ್ಮ ಜಾಣತನ ಮನೆ ಸುಡುತ್ತೆ.

ಕೆಪಾಸಿಟರ್ ಎಲ್ಲ ಹೊಸದಾದ ಮೇಲೂ ಸಣ್ಣ ಗುಂಯ್ ಉಳಿದರೆ, ಈಗ ಅಂಟಿನ ಸರದಿ. ಒಂದು ಒಣಗಿದ ಪ್ಲಾಸ್ಟಿಕ್ ಕೊಳವೆಯ ತುದಿ ಭಾಗಗಳ ಹತ್ತಿರ ಹಿಡಿದು, ಮುಟ್ಟಿಸದೆ, ಇನ್ನೊಂದು ತುದಿ ಕಿವಿಗಿಟ್ಟರೆ ಯಾವ ಕಾಯಿಲ್ ಅಂತ ಗೊತ್ತಾಗುತ್ತೆ. ಹಾಟ್ ಸೈಡಿಗೆ ಒಂದು ಮೊಳ ಉದ್ದದ ಕೊಳವೆಯೇ ಬೇಕು. ಪ್ಲಗ್ ಕಿತ್ತು, ಡಿಸ್ಚಾರ್ಜ್ ಮಾಡಿ, ಆ ಕಾಯಿಲಿನ ಸುತ್ತುಗಳ ಸಂದಿಗೆ ಟ್ರಾನ್ಸ್‌ಫಾರ್ಮರ್ ವಾರ್ನಿಶ್ ಇಳಿಸಿ, ಇಲ್ಲವೇ ನ್ಯೂಟ್ರಲ್ ಕ್ಯೂರ್ ಸಿಲಿಕೋನ್ ಹಾಕಿ ಒಂದು ದಿನ ಒಣಗಲು ಬಿಡಿ. ಹುಳಿ ವಾಸನೆ ಬರುವ ಅಗ್ಗದ ಸಿಲಿಕೋನ್ ಬೇಡ, ಅದರ ಆ್ಯಸಿಡ್ ತಾಮ್ರ ತಿನ್ನುತ್ತೆ. ಗ್ಲೂ ಗನ್ನಿನ ಅಂಟು ಬಿಸಿಗೆ ಕರಗಿ ಜಾರುತ್ತೆ.

ಕೊನೆಗೆ ಸ್ಕೋಪನ್ನು 20 ಮೆಗಾಹರ್ಟ್ಸ್ ಮಿತಿಗೆ ಇಟ್ಟು, ಪ್ರೋಬಿನ ಉದ್ದ ಗ್ರೌಂಡ್ ವೈರ್ ತೆಗೆದು ಗಿಡ್ಡ ಸ್ಪ್ರಿಂಗ್ ಹಾಕಿ, 12 ವೋಲ್ಟ್ ಲೈನಿನ ರಿಪಲ್ ನೋಡಿ. ಅದು ನೂರು ಮಿಲಿವೋಲ್ಟಿನ ಆಸುಪಾಸಿಗೆ ಇಳಿದಿದ್ದರೆ ಮುಚ್ಚಳ ಹಾಕಬಹುದು. ಫೋನಿನ ಸ್ಪೆಕ್ಟ್ರಮ್ ಪರೀಕ್ಷೆಯನ್ನು ಮಾತ್ರ ಅವತ್ತೇ ಮಾಡಬೇಡಿ. ಇಡೀ ರಾತ್ರಿ ಪ್ಲಗ್ ಕಿತ್ತಿಟ್ಟು, ಬೆಳಿಗ್ಗೆ ಬೋರ್ಡ್ ಪೂರ್ತಿ ತಣ್ಣಗಿರುವಾಗ ಆನ್ ಮಾಡಿ, ಮೊದಲ ಹತ್ತು ನಿಮಿಷ ಮೈಕ್ ಹಿಡಿದು ಹಳೇ ಚಿತ್ರದ ಪಕ್ಕ ಹೊಸದನ್ನು ಇಟ್ಟು ನೋಡಿ.